ಸಿಡಿ ಇದ್ದರೆ ಸಾಲದು, ಮೂಲ ಸರಕು ಎಲ್ಲಿ?

ಕೇಳುಗರಿಗೆ ನಮಸ್ಕಾರ. ಇವತ್ತು ತುಮಕೂರು ಜಿಲ್ಲೆಯ ಮೇಷ್ಟ್ರು, ಮೇಡಂಗಳ ಹತ್ತಿರವೇ ಮಾತಾಡುತ್ತೇನೆ. ನಿಮ್ಮ ಶಾಲೆಯ ಬೀರುವಿನಲ್ಲಿ ಹಳೇ ಪಾಠದ ಸಿಡಿಗಳು ಇದ್ದಾವು, ಅಲ್ವಾ? ಹಿಂದೆ ಅಂಥ ಎಷ್ಟೋ ಸಿಡಿಗಳನ್ನು ಮಾಡುತ್ತಿದ್ದುದು ಡೈರೆಕ್ಟರ್ ಎಂಬ ಸಾಫ್ಟ್‌ವೇರಿನಲ್ಲಿ. ಈಗ ಅದು ಇಲ್ಲ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಫೋಟೊ, ದನಿ, ಬರಹ, ಈ ಮೂಲ ಸರಕನ್ನು ಬೇರೆ ಎತ್ತಿಡಿ.

1984ರಲ್ಲಿ ಶಿಕಾಗೊದಲ್ಲಿ ಮಾರ್ಕ್ ಕ್ಯಾಂಟರ್ ಮತ್ತು ಗೆಳೆಯರು ಮ್ಯಾಕ್ರೊಮೈಂಡ್ ಎಂಬ ಕಂಪನಿ ಶುರು ಮಾಡಿದರು. ಮರುವರ್ಷ ಮ್ಯಾಕಿಂಟಾಷ್ ಕಂಪ್ಯೂಟರಿಗೆ ವಿಡಿಯೊವರ್ಕ್ಸ್ ತಂದರು. ಅದೇ ಬೆಳೆದು ಡೈರೆಕ್ಟರ್ ಆಯಿತು. ಗುಬ್ಬಿ ವೀರಣ್ಣನವರ ಜಿಲ್ಲೆಯವರಿಗೆ ಇದನ್ನು ವಿವರಿಸುವುದು ಸುಲಭ, ಪೂರಾ ನಾಟಕ ಕಂಪನಿಯೇ! ಪರದೆಯ ಮೇಲೆ ಸ್ಟೇಜ್. ಚಿತ್ರ, ದನಿ, ಅಕ್ಷರ ಎಲ್ಲ ಕ್ಯಾಸ್ಟ್. ಯಾರು ಯಾವಾಗ ಬರಬೇಕು, ಹೋಗಬೇಕು ಅನ್ನುವುದು ಸ್ಕೋರ್ ಎಂಬ ಪಟ್ಟಿಯಲ್ಲಿ. ಮಗು ಗುಂಡಿ ಒತ್ತಿದರೆ ಏನಾಗಬೇಕು ಅಂತ ಬರೆಯಲು ಲಿಂಗೊ ಅನ್ನುವ ಭಾಷೆ. ಕೊನೆಗೆ ಎಲ್ಲವನ್ನೂ ಕಟ್ಟಿ ಪ್ರೊಜೆಕ್ಟರ್ ಎಂಬ ಫೈಲ್ ಮಾಡಿದರೆ, ಡೈರೆಕ್ಟರ್ ಇಲ್ಲದ ಕಂಪ್ಯೂಟರಿನಲ್ಲೂ ಪಾಠ ಓಡುತ್ತಿತ್ತು. ಎಷ್ಟು ಚೆಂದದ ಏರ್ಪಾಡು!

ತಿಪಟೂರು ಕಡೆಯ ಮೇಷ್ಟ್ರೊಬ್ಬರು ಉಂಡೆ ಕೊಬ್ಬರಿ ಬಗ್ಗೆ ಹೀಗೇ ಒಂದು ಪಾಠ ಮಾಡಿಸಿದ್ದರು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ರೈತರೊಬ್ಬರು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಗಡಗಡ. "ಈಗ ಒಡೀಬಹುದು ಕಣ್ರಪ್ಪಾ" ಅನ್ನುತ್ತಾರೆ. ಆ ಯಜಮಾನರು ಈಗಿಲ್ಲ. ಮೇಷ್ಟ್ರು ಸಿಡಿ ತಂದು ನನ್ನ ಲ್ಯಾಪ್‌ಟಾಪಿಗೆ ಹಾಕಿದರೆ ಓಡಲೇ ಇಲ್ಲ. ಅದು 16 ಬಿಟ್ ಕಾಲದ್ದು, ಅಂದರೆ ಹಳೇ ತಲೆಮಾರಿನ ಕಂಪ್ಯೂಟರಿಗೆ ಮಾಡಿದ್ದು, ಈಗಿನ 64 ಬಿಟ್ ವಿಂಡೋಸ್ ಅದನ್ನು ಮುಟ್ಟುವುದಿಲ್ಲ. "ಮೂಲ ಫೈಲ್ ಎಲ್ಲಿ ಸಾರ್?" ಅಂದೆ. "ಸಿಡಿನೇ ಇದೆಯಲ್ಲ!" ಅಂದರು. ಎಲ್ಲರೂ ಇದನ್ನೇ ಹೇಳುತ್ತಾರೆ ನೋಡಿ! ಪರಿಚಯದವರ ಅಂಗಡಿಯ ಮೂಲೆಯಲ್ಲಿ ವಿಂಡೋಸ್ 98ರ ಪಿಸಿ ಸಿಕ್ಕಿತು. ಅದರಲ್ಲಿ ಓಡಿತು. ಆದರೆ ದನಿಯನ್ನು ಬಿಡಿಸಿ ತೆಗೆಯಲು ದಾರಿ ಇರಲಿಲ್ಲ. ವೈರ್ ಹಾಕಿ ಮತ್ತೆ ರೆಕಾರ್ಡ್ ಮಾಡಿಕೊಂಡೆವು. ಕನ್ನಡ ಅಕ್ಷರಗಳೂ ಅಕ್ಷರಗಳಾಗಿ ಇರಲಿಲ್ಲ. ಬೇರೆ ಕಂಪ್ಯೂಟರಿನಲ್ಲಿ ಫಾಂಟ್ ಇರುತ್ತದೋ ಇಲ್ಲವೋ ಅಂತ ಎಲ್ಲವನ್ನೂ ಚಿತ್ರ ಮಾಡಿ ಅಂಟಿಸಿದ್ದರು. ಒಂದು ಕಡೆ ಒತ್ತು ಬಿಟ್ಟುಹೋಗಿ "ಕೊಬರಿ" ಆಗಿತ್ತು. ತಿದ್ದುವುದು ಹೇಗೆ? ಆ ಫೋಟೊಗಳು, ಆ ದನಿ ಒಂದು ಫೋಲ್ಡರಿನಲ್ಲಿ ಬೇರೆ ಇದ್ದಿದ್ದರೆ ಅರ್ಧ ಗಂಟೆಯ ಕೆಲಸ.

ಆಗಲೇ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಉಳಿದದ್ದು ಬೇಗ ಹೇಳುತ್ತೇನೆ. 1992ರಲ್ಲಿ ಕಂಪನಿ ಮ್ಯಾಕ್ರೊಮೀಡಿಯಾ ಆಯಿತು. 1995ರಲ್ಲಿ, ಡೈರೆಕ್ಟರಿನಲ್ಲಿ ಮಾಡಿದ್ದನ್ನು ಬ್ರೌಸರಿನಲ್ಲೇ ಓಡಿಸುವ ಶಾಕ್‌ವೇವ್ ಬಂದು, ಡೈರೆಕ್ಟರಿನ ಆಟಗಳು ಇಂಟರ್‌ನೆಟ್ಟಿಗೆ ಹೋದವು. 2005ರಲ್ಲಿ ಅಡೋಬಿ ಎಂಬ ಕಂಪನಿ ಮ್ಯಾಕ್ರೊಮೀಡಿಯಾವನ್ನು ಕೊಂಡುಕೊಂಡಿತು. ಅಷ್ಟರಲ್ಲಿ ಇಂಥದ್ದೇ ಕೆಲಸ ಮಾಡುವ, ಹಗುರವಾದ ಫ್ಲ್ಯಾಶ್ ಎಂಬ ಸಾಫ್ಟ್‌ವೇರ್ ಜನರಿಗೆ ಜಾಸ್ತಿ ಹಿಡಿಸಿತ್ತು, ಆಮೇಲೆ ಬ್ರೌಸರುಗಳೇ ಎಲ್ಲ ಕಲಿತವು. ಡೈರೆಕ್ಟರಿನ 2013ರ 12ನೇ ಆವೃತ್ತಿಯೇ ಕೊನೆ. 2017ರಲ್ಲಿ ಮಾರಾಟ ನಿಂತಿತು, 2019ರಲ್ಲಿ ಶಾಕ್‌ವೇವ್ ಕೂಡ.

ಶಾಲೆಯ ಹಳೇ ಕಂಪ್ಯೂಟರನ್ನು ಸುಮ್ನೆ ಗುಜರಿಗೆ ಹಾಕಬೇಡಿ. ಅದರಲ್ಲಿ ಡಿಐಆರ್ ಅಂತ ಮುಗಿಯುವ ಫೈಲ್ ಇದೆಯಾ ಹುಡುಕಿ. ಅದೇ ತಿದ್ದಲು ಬರುವ ಫೈಲ್. ಜೊತೆಗೆ ಫೋಟೊ, ದನಿಯ ಫೋಲ್ಡರ್ ಸಿಕ್ಕರೆ ಮೊದಲು ಅದನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ, ಇವತ್ತೇ. ನಮಸ್ಕಾರ.