ಮೆಡಿಕಲ್ ಸೀಟಿನ ಸಾಲ: ಕಂತು ಇಲ್ಲ, ಬಡ್ಡಿ ಇದೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯಲ್ಲಿ ನೀಟ್ ಬರೆದ ಮಗನೋ ಮಗಳೋ ಇದ್ದರೆ ಅವರನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಶಿಕ್ಷಣ ಸಾಲದ ಕಾಗದದ ಮೇಲೆ ಮೊದಲ ಸಹಿ ಹಾಕುವವರು ಅವರೇ. ಅಪ್ಪ ಅಥವಾ ಅಮ್ಮ ಸಹ-ಸಾಲಗಾರರು. ಸಾಲ ತೀರಿಸುವ ಹೊತ್ತಿಗೆ ಮಗು ಡಾಕ್ಟರ್ ಆಗಿರುತ್ತದೆ, ಅಪ್ಪನಿಗೆ ವಯಸ್ಸಾಗಿರುತ್ತದೆ. ಹಾಗಾಗಿ ಇಬ್ಬರೂ ಕೇಳಿಸಿಕೊಳ್ಳಬೇಕಾದ ಮಾತು ಇದು.

ನಾನು ಬ್ಯಾಂಕಿನ ಸಾಲದ ವಿಭಾಗದಲ್ಲೇ ಕೆಲಸ ಮಾಡಿ ನಿವೃತ್ತನಾದವನು. ಮೇಜಿನ ಆ ಕಡೆ ಕೂತು ಕೇಳಿಸಿಕೊಂಡ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಸಾರ್, ಎಷ್ಟು ಪರ್ಸೆಂಟ್?" ಎರಡನೆಯದು, "ಓದು ಮುಗಿಯೋವರೆಗೂ ಏನೂ ಕಟ್ಟಂಗಿಲ್ಲ ಅಲ್ವಾ?" ಹೌದು ಅಂದ ತಕ್ಷಣ ಮುಖ ಅರಳುತ್ತದೆ, ಪೆನ್ನು ಹೊರಗೆ ಬರುತ್ತದೆ. ಅಲ್ಲೇ ನಿಲ್ಲಿ ಸ್ವಾಮಿ. ಕಂತು ಇಲ್ಲ ಅಂದರೆ ಬಡ್ಡಿ ಇಲ್ಲ ಅಂತಲ್ಲ. ಸಿಗ್ನಲ್‌ನಲ್ಲಿ ಆಟೋ ನಿಂತಿದ್ದರೂ ಮೀಟರ್ ಓಡುತ್ತಲೇ ಇರುತ್ತದಲ್ಲ, ಹಾಗೆ. ಇವತ್ತು ನಾನು ಹೇಳಲು ಬಂದಿರುವುದು ಇದೊಂದೇ ಮಾತು.

ಲೆಕ್ಕ ಹಾಕೋಣ. ಕಾಗದ, ಪೆನ್ಸಿಲ್ ತಗೊಳ್ಳಿ. ಖಾಸಗಿ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಫೀಸು ಹಾಸ್ಟೆಲ್ ಎಲ್ಲ ಸೇರಿ ವರ್ಷಕ್ಕೆ 10 ಲಕ್ಷ ಸಾಲ ಬೇಕು ಅಂದುಕೊಳ್ಳಿ. ನಾಲ್ಕು ವರ್ಷ, ನಾಲ್ಕು ಸಲ, ಒಟ್ಟು 40 ಲಕ್ಷ. ಬಡ್ಡಿ ನೂರಕ್ಕೆ 10 ಇರಲಿ, ಲೆಕ್ಕ ಸುಲಭ. ಎಂಬಿಬಿಎಸ್ ಅಂದರೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಅದರ ಮೇಲೆ ಬ್ಯಾಂಕು ಒಂದು ವರ್ಷ ಬಿಡುವು ಕೊಡುತ್ತದೆ. ಒಟ್ಟು ಆರೂವರೆ ವರ್ಷ ಕಂತಿಲ್ಲ. ಬ್ಯಾಂಕಿನ ಭಾಷೆಯಲ್ಲಿ ಇದಕ್ಕೆ ಮೊರಟೋರಿಯಂ ಅನ್ನುತ್ತಾರೆ.

ಈಗ ನೋಡಿ. ಮೊದಲ ವರ್ಷ ತಗೊಂಡ 10 ಲಕ್ಷಕ್ಕೆ ಆರೂವರೆ ವರ್ಷದ ಬಡ್ಡಿ, ಆರೂವರೆ ಲಕ್ಷ. ಎರಡನೇ ವರ್ಷದ್ದಕ್ಕೆ ಐದೂವರೆ ಲಕ್ಷ. ಮೂರನೆಯದಕ್ಕೆ ನಾಲ್ಕೂವರೆ. ಕೊನೆಯದಕ್ಕೆ ಮೂರೂವರೆ. ಕೂಡಿಸಿ. 20 ಲಕ್ಷ! ಇದು ಸರಳ ಬಡ್ಡಿ, ಚಕ್ರಬಡ್ಡಿಯಲ್ಲ. ಬಿಡುವು ಮುಗಿದ ದಿನ ಈ 20 ಲಕ್ಷ ಅಸಲಿಗೆ ಸೇರುತ್ತದೆ, 40 ಇದ್ದದ್ದು 60 ಆಗುತ್ತದೆ. 15 ವರ್ಷಕ್ಕೆ ತೀರಿಸುವುದಾದರೆ 60 ಲಕ್ಷಕ್ಕೆ ತಿಂಗಳ ಕಂತು ಸುಮಾರು 64,500 ರೂಪಾಯಿ. ಓದುವಾಗಲೇ ಬಡ್ಡಿ ಕಟ್ಟಿಕೊಂಡು ಬಂದು 40ರಲ್ಲೇ ನಿಲ್ಲಿಸಿದ್ದರೆ ಸುಮಾರು 43,000. ತಿಂಗಳಿಗೆ ಇಪ್ಪತ್ತೊಂದೂವರೆ ಸಾವಿರದ ವ್ಯತ್ಯಾಸ, ಹದಿನೈದು ವರ್ಷ.

ಇಷ್ಟು ಹೇಳಿದರೂ ಕೆಲವರು "ಅದೆಲ್ಲ ಇರಲಿ ಸಾರ್, ಆ ಬ್ಯಾಂಕಲ್ಲಿ ಕಾಲು ಪರ್ಸೆಂಟ್ ಕಮ್ಮಿ ಅಂತೆ" ಅನ್ನುತ್ತಾರೆ. ಕಾಲು ಪರ್ಸೆಂಟ್ ಹಿಡಿದುಕೊಂಡು ಏನು ಮಾಡುತ್ತೀರಿ? 20 ಲಕ್ಷದ ಮಾತು ಆಡುತ್ತಿದ್ದೇನೆ ನಾನು.

ಒಬ್ಬರ ವಿಷಯ ಹೇಳುತ್ತೇನೆ. ತಿಪಟೂರು ಕಡೆಯ ತೆಂಗು ಬೆಳೆಗಾರರು. ಹೆಸರು ಬೇಡ. ಮಗಳಿಗೆ ಮೆಡಿಕಲ್ ಸೀಟು ಆಗಿತ್ತು. ನಮ್ಮ ಶಾಖೆಗೆ ಬರುವ ಮೊದಲೇ ಬೇರೆ ಎರಡು ಬ್ಯಾಂಕು ಸುತ್ತಿ ಬಂದಿದ್ದರು. ಕಂಕುಳಲ್ಲಿ ಒಂದು ಹಳೇ ಡೈರಿ. ಅದರಲ್ಲಿ ಒಂದೊಂದು ಬ್ಯಾಂಕಿಗೆ ಒಂದೊಂದು ಪುಟ, ಯಾರು ಏನು ಹೇಳಿದರು ಅಂತ ಮಗಳ ಕೈಬರಹದಲ್ಲಿ. ಮಾರುಕಟ್ಟೆಯಲ್ಲಿ ಕೊಬ್ಬರಿ ಮಾರಿ ಪಳಗಿದ ಮನುಷ್ಯ, ಮೊದಲು ಹೇಳಿದ ಬೆಲೆಗೆ ತಲೆಯಾಡಿಸುವ ಜಾಯಮಾನವೇ ಅಲ್ಲ.

ಕೂತವರೇ ತೋಟದ ಪಹಣಿ ತೆಗೆದು ಮೇಜಿನ ಮೇಲೆ ಇಟ್ಟರು. "ಆರು ಎಕರೆ ತೆಂಗಿನ ತೋಟ ಐತೆ ಸ್ವಾಮಿ, ಬೋರಲ್ಲಿ ನೀರೈತೆ. ಇನ್ನೇನು ಬೇಕು ನಿಮಗೆ?" ನಾನು ಪಹಣಿ ವಾಪಸ್ ಅವರ ಕಡೆ ಸರಿಸಿದೆ. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಅಡಮಾನ ಕೇಳುತ್ತಾರೆ. ಆದರೆ ಕೃಷಿ ಜಮೀನು ಅಂದರೆ ಬ್ಯಾಂಕುಗಳು ಹಿಂದೆ ಮುಂದೆ ನೋಡುತ್ತವೆ. ಸಾಲ ಕಟ್ಟದಿದ್ದರೆ ಆಸ್ತಿ ವಶಕ್ಕೆ ಪಡೆಯಲು ಬ್ಯಾಂಕುಗಳಿಗೆ ಇರುವ ಸರ್ಫೇಸಿ ಕಾಯ್ದೆ, ಅದು 2002ರದ್ದು, ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಆ ಮನುಷ್ಯನಿಗೆ ಇದು ಅರ್ಥವೇ ಆಗಲಿಲ್ಲ. "ಹಂಗಾದ್ರೆ ನಮ್ಮಪ್ಪ ಇಟ್ಟ ತೋಟಕ್ಕೆ ಬೆಲೆನೇ ಇಲ್ವಾ?" ಅಂದರು. ಮಗಳು ಮೆಲ್ಲಗೆ, "ಅಪ್ಪಾಜಿ, ಟೌನಲ್ಲಿ ಸೈಟ್ ಐತಲ್ಲ" ಅಂದಳು. ಪೊದೆ ಬೆಳೆದುಕೊಂಡು ಸುಮ್ನೆ ಬಿದ್ದಿದ್ದ ಒಂದು 30-40 ಸೈಟು. ಅದಕ್ಕೆ ಖಾತೆ ಇತ್ತು, ಋಣಭಾರ ಪತ್ರ ತೆಗೆಸಿದರೆ ಕ್ಲೀನಾಗಿ ಬಂತು. ಆರು ಎಕರೆ ಮಾಡದ ಕೆಲಸ ಆ ಸೈಟು ಮಾಡಿತು.

ಆಮೇಲೆ ಅವರ ಡೈರಿ ಕೇಳಿ ನೋಡಿದೆ. ಎರಡೂ ಬ್ಯಾಂಕಿನ ಪುಟದಲ್ಲಿ ಪರ್ಸೆಂಟ್ ಇತ್ತು, "ಓದು ಮುಗಿಯುವ ತನಕ ಕಂತು ಇಲ್ಲ" ಅಂತಲೂ ಇತ್ತು. ಬಡ್ಡಿ ಓಡುತ್ತದೆ ಅನ್ನುವುದು ಮಾತ್ರ ಎಲ್ಲೂ ಇರಲಿಲ್ಲ. ಕೌಂಟರಿನವರು ಸುಳ್ಳು ಹೇಳಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದ್ದರು, ಕೇಳದ್ದನ್ನು ಹೇಳಿರಲಿಲ್ಲ. ನಾನು ಒಂದು ಚಲನ್ ತಿರುಗಿಸಿ ಹಿಂದೆ ಈಗ ನಿಮಗೆ ಹೇಳಿದೆನಲ್ಲ, ಅದೇ ಲೆಕ್ಕ ಬರೆದೆ. ಆರೂವರೆ, ಐದೂವರೆ, ನಾಲ್ಕೂವರೆ, ಮೂರೂವರೆ. ಕೆಳಗೆ ಗೆರೆ ಎಳೆದು 20 ಅಂತ ಬರೆದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. "ಯಾವೋನೂ ಹೇಳ್ಲಿಲ್ವಲ್ಲ ಸ್ವಾಮಿ ಇದನ್ನ."

"ಮೊದಲ ವರ್ಷ ಬಡ್ಡಿ ತಿಂಗಳಿಗೆ ಎಷ್ಟು ಬೀಳ್ತದೆ?" ಅಂದರು. 8,333 ರೂಪಾಯಿ ಅಂದೆ. ಕೊಬ್ಬರಿ ದುಡ್ಡು ತಿಂಗಳು ತಿಂಗಳು ಬರುವಂಥದ್ದಲ್ಲ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಾಲಿನ ಡೈರಿ ಬಟವಾಡೆ ಐತೆ" ಅಂದರು. ಮನೆಯಲ್ಲಿ ಹಸು ಇದ್ದವು, ಹಾಲಿನ ದುಡ್ಡು ನಮ್ಮಲ್ಲಿದ್ದ ಅವರ ಹೆಂಡತಿಯ ಖಾತೆಗೇ ಬೀಳುತ್ತಿತ್ತು. ಆ ಖಾತೆಯಿಂದ ಪ್ರತಿ ತಿಂಗಳೂ ಬಡ್ಡಿ ತಾನಾಗೇ ಹೋಗುವ ಹಾಗೆ ಆದೇಶ ಬರೆಸಿದೆವು. ಅದಕ್ಕೂ ಮೊದಲು ಮನೆಯಾಕೆಯನ್ನು ಬ್ಯಾಂಕಿಗೆ ಕರೆಸಿ ಕೇಳಿದೆವು. ಆಕೆ ಹೇಳಿದ್ದು ಒಂದೇ ಮಾತು, "ಹಿಂಡಿ ಬೂಸಕ್ಕೆ ಒಸಿ ಬಿಟ್ಟು ತಗೊಳ್ಳಿ."

ಇಷ್ಟಾದ ಮೇಲೆ ಚೌಕಾಸಿ ಶುರುವಾಯಿತು. ನನಗೆ ಅವರ ಮೇಲೆ ಗೌರವ ಬಂದದ್ದೇ ಇಲ್ಲಿ. ಬೇರೆ ಬ್ಯಾಂಕಿನ ಮಂಜೂರಾತಿ ಪತ್ರ ತಂದು ನನ್ನ ಮುಂದೆ ಇಟ್ಟರು. ಬಾಯಿಮಾತಲ್ಲ, ಪತ್ರ! "ಇವರು ಹೆಣ್ಣುಮಕ್ಕಳಿಗೆ ಅರ್ಧ ಪರ್ಸೆಂಟ್ ಕಮ್ಮಿ ಬರ್ಕೊಟ್ಟವ್ರೆ. ನೀವು?" ನಮ್ಮಲ್ಲೂ ಆ ರಿಯಾಯಿತಿ ಇತ್ತು, ಕೇಳಿದ್ದರಿಂದ ಪತ್ರದಲ್ಲಿ ಬಂತು. "ನಾನು ತಿಂಗಳು ತಿಂಗಳು ಬಡ್ಡಿ ಕಟ್ತೀನಲ್ಲ, ಅದಕ್ಕೇನು ಕೊಡ್ತೀರಿ?" ಓದುವಾಗಲೇ ತಪ್ಪದೆ ಬಡ್ಡಿ ಕಟ್ಟುವವರಿಗೆ ಹಲವು ಬ್ಯಾಂಕುಗಳು ಒಂದು ಪರ್ಸೆಂಟ್ ತನಕ ಬಿಡುತ್ತವೆ. ಅದನ್ನೂ ಪತ್ರದಲ್ಲಿ ಬರೆಸಿಕೊಂಡರು. ಪ್ರೊಸೆಸಿಂಗ್ ಶುಲ್ಕದ ವಿಷಯ ನನ್ನ ಕೈಯಲ್ಲಿರಲಿಲ್ಲ, ಪ್ರಾದೇಶಿಕ ಕಚೇರಿಗೆ ಬರೆದೆ, ಅವರು ಬಿಟ್ಟರು. ಮೂರನೇ ವರ್ಷದ ಹೊತ್ತಿಗೆ ಬಡ್ಡಿ ತಿಂಗಳಿಗೆ 25,000ದ ಹತ್ತಿರ ಬಂದಾಗ ಪೂರ್ತಿ ಕಟ್ಟಲು ಆಗಲಿಲ್ಲ, ಅರ್ಧ ಕಟ್ಟಿದರು. ಒಂದು ಪರ್ಸೆಂಟಿನ ರಿಯಾಯಿತಿ ಅಲ್ಲಿಗೆ ನಿಂತಿತು. ಪರವಾಗಿಲ್ಲ. ಅರ್ಧ ಕಟ್ಟಿದರೆ ಅರ್ಧ ಬಡ್ಡಿ ನಿಂತಂತೆ. ಆ ಹುಡುಗಿ ಈಗ ಇಂಟರ್ನ್‌ಶಿಪ್‌ನಲ್ಲಿದ್ದಾಳೆ, ಸ್ಟೈಪೆಂಡ್ ಬಂದ ದಿನವೇ ಒಂದಷ್ಟು ಬಡ್ಡಿಗೆ ಹಾಕುತ್ತಾಳಂತೆ. ಅಪ್ಪನ ಮಗಳು.

ಈ ಕಥೆಯಲ್ಲೇ ಹೊತ್ತು ಹೋಯಿತು. ಉಳಿದದ್ದು ಬೇಗ ಬೇಗ ಹೇಳುತ್ತೇನೆ.

ಬಡ್ಡಿ ದರದಲ್ಲಿ ಯಾವುದನ್ನು ಚೌಕಾಸಿ ಮಾಡಬೇಕು ಅನ್ನುವುದು ಗೊತ್ತಿರಲಿ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಇಂಥ ಹೊಸ ಸಾಲಗಳ ಏರಿಳಿಯುವ ಬಡ್ಡಿಯನ್ನು ಹೊರಗಿನ ಒಂದು ದರಕ್ಕೆ, ಹೆಚ್ಚಾಗಿ ರೆಪೋ ದರಕ್ಕೆ, ಅಂದರೆ ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ದರಕ್ಕೆ, ಕಟ್ಟಿಹಾಕಿವೆ. ರೆಪೋ 2020ರ ಮೇ ತಿಂಗಳಲ್ಲಿ ನೂರಕ್ಕೆ 4 ಇತ್ತು, 2023ರ ಫೆಬ್ರವರಿಗೆ ಆರೂವರೆ ಆಯಿತು. ಅದು ಮ್ಯಾನೇಜರ್ ಕೈಯಲ್ಲಿಲ್ಲ. ಅದರ ಮೇಲೆ ಬ್ಯಾಂಕು ಸೇರಿಸುವುದಕ್ಕೆ ಸ್ಪ್ರೆಡ್ ಅನ್ನುತ್ತಾರೆ. ನಿಮ್ಮ ಮಾತೆಲ್ಲ ಅದರ ಮೇಲಿರಲಿ. "ರೆಪೋ ಮೇಲೆ ಎಷ್ಟು ಹಾಕಿದ್ದೀರಿ?" ಅಂತ ಕೇಳಿ ನೋಡಿ, ನಿಮ್ಮ ಜೊತೆ ಮಾತಾಡುವ ಧಾಟಿಯೇ ಬದಲಾಗುತ್ತದೆ.

ಬ್ಯಾಂಕೇತರ ಹಣಕಾಸು ಕಂಪನಿಗಳೂ ಸಾಲ ಕೊಡುತ್ತವೆ, ಬೇಗ ಕೊಡುತ್ತವೆ. ಅಲ್ಲಿ ಓದುವ ಅವಧಿಯ ಬಡ್ಡಿ ಸರಳವೋ ಚಕ್ರಬಡ್ಡಿಯೋ ಅಂತ ಕೇಳಿ. ಉತ್ತರ ಕಾಗದದಲ್ಲಿ ಬರಲಿ.

ನಾಲ್ಕು ವರ್ಷದ ದುಡ್ಡನ್ನು ಒಟ್ಟಿಗೆ ಎತ್ತಬೇಡಿ. ಮಂಜೂರಾತಿ ಪೂರ್ತಿ ಕೋರ್ಸಿಗೆ ಆಗಲಿ, ಹಣ ಮಾತ್ರ ವರ್ಷವರ್ಷ, ಫೀಸು ಕಟ್ಟುವ ಹೊತ್ತಿಗೆ, ನೇರ ಕಾಲೇಜಿಗೆ ಹೋಗಲಿ. ಎತ್ತಿದ ಹಣಕ್ಕೆ ಮಾತ್ರ ಬಡ್ಡಿ. ಮುಂದಿನ ವರ್ಷದ ಫೀಸಿನ ದುಡ್ಡು ಇವತ್ತೇ ತೆಗೆದರೆ ಅದಕ್ಕೂ ಇವತ್ತಿನಿಂದಲೇ ಬಡ್ಡಿ. ಮತ್ತೆ ಅದೇ ಮಾತಿಗೆ ಬಂದೆ ನೋಡಿ! ಇನ್ನು, ರಸೀದಿ ಇಲ್ಲದ ದುಡ್ಡಿಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಅದನ್ನು ಕೇಳಿ ಮ್ಯಾನೇಜರನ್ನು ಮುಜುಗರಕ್ಕೆ ಸಿಕ್ಕಿಸಬೇಡಿ.

ಸಾಲದ ಜೊತೆ ವಿಮೆ ಪಾಲಿಸಿ ಮುಂದಿಡುತ್ತಾರೆ, ಅದರ ಪ್ರೀಮಿಯಮ್ಮನ್ನೂ ಸಾಲಕ್ಕೇ ಸೇರಿಸುತ್ತಾರೆ. ಅದಕ್ಕೂ ಬಡ್ಡಿ! ವಿಮೆ ಕೆಟ್ಟದ್ದಲ್ಲ, ಆದರೆ ಕಡ್ಡಾಯ ಅಂದರೆ "ಬರೆದುಕೊಡಿ" ಅನ್ನಿ. ಬಹಳ ಸಲ ಅಲ್ಲಿಗೇ ಮಾತು ಮುಗಿಯುತ್ತದೆ.

ಸರ್ಕಾರದ ಸವಲತ್ತು ಬಿಡಬೇಡಿ. 2024ರ ನವೆಂಬರ್‌ನಲ್ಲಿ ಪಿಎಂ ವಿದ್ಯಾಲಕ್ಷ್ಮಿ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಪಟ್ಟಿಯಲ್ಲಿರುವ ಕಾಲೇಜಾದರೆ ಅಡಮಾನ, ಜಾಮೀನು ಇಲ್ಲದೆ ಸಾಲ. ಮನೆಯ ವಾರ್ಷಿಕ ಆದಾಯ 8 ಲಕ್ಷದ ಒಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಮೊರಟೋರಿಯಂ ಅವಧಿಯಲ್ಲಿ ಮೂರು ಪರ್ಸೆಂಟ್ ಬಡ್ಡಿಯನ್ನು ಸರ್ಕಾರ ಭರಿಸುತ್ತದೆ. ಎಲ್ಲರಿಗೂ ಅಲ್ಲ, ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ. ಆದಾಯ ನಾಲ್ಕೂವರೆ ಲಕ್ಷದ ಒಳಗಿರುವವರಿಗೆ ಇನ್ನೂ ಹೆಚ್ಚಿನ ಸಹಾಯಧನ ಇದೆ. ತಹಶೀಲ್ದಾರರ ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೊಳ್ಳಿ. ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಮತ್ತು ಅಲ್ಪಸಂಖ್ಯಾತರ ನಿಗಮಗಳಲ್ಲಿ ಅರಿವು ಅನ್ನುವ ಕಡಿಮೆ ಬಡ್ಡಿಯ ಸಾಲವಿದೆ, ಅದನ್ನೂ ವಿಚಾರಿಸಿ.

ಬ್ಯಾಂಕಿಗೆ ಯಾವಾಗ ಹೋಗಬೇಕು? ಸೀಟು ಸಿಕ್ಕಿದ ಮೇಲಲ್ಲ, ನೀಟ್ ಫಲಿತಾಂಶ ಬಂದ ವಾರ. ಪರೀಕ್ಷಾ ಪ್ರಾಧಿಕಾರ, ಅದೇ ಕೆಇಎ, ಸೀಟು ಹಂಚಿದ ಮೇಲೆ ಫೀಸು ಕಟ್ಟಲು ಕೆಲವೇ ದಿನ ಕೊಡುತ್ತದೆ. ಆ ಓಡಾಟದಲ್ಲಿ ಯಾರೂ ಚೌಕಾಸಿ ಮಾಡಲಾರರು. ತಂದೆಯ ಹಳೇ ಬೆಳೆ ಸಾಲ ಸುಸ್ತಿಯಾಗಿದ್ದರೆ ಸಿಬಿಲ್‌ನಲ್ಲಿ, ಅಂದರೆ ಯಾರು ಸಾಲ ಹೇಗೆ ಕಟ್ಟಿದ್ದಾರೆ ಅನ್ನುವ ದಾಖಲೆಯಲ್ಲಿ, ಕಾಣುತ್ತದೆ, ಮೊದಲು ಅದನ್ನು ಸರಿಮಾಡಿಕೊಳ್ಳಿ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ.

ಕೊನೆಯದಾಗಿ, ಎಂಬಿಬಿಎಸ್ ಮುಗಿಸಿ ಪಿಜಿ ಮಾಡುವ ಮಕ್ಕಳಿಗೆ. ನೀವು ಎಂಡಿ, ಎಂಎಸ್ ಅಂತ ಇನ್ನೂ ಮೂರು ವರ್ಷ ಓದುತ್ತಿರುತ್ತೀರಿ, ಇಲ್ಲಿ ಕಂತಿನ ದಿನ ಬಂದಿರುತ್ತದೆ. ಬಿಡುವನ್ನು ಮುಂದುವರಿಸಿ ಅಂತ ಕೇಳಬಹುದು, ಆದರೆ ಕಂತು ತಪ್ಪುವ ಮೊದಲು ಕೇಳಬೇಕು, ಪಿಜಿ ಪ್ರವೇಶ ಪತ್ರ ಇಟ್ಟು ಕೇಳಬೇಕು. ಬ್ಯಾಂಕು ಬಿಡುವು ಕೊಟ್ಟರೂ ಬಡ್ಡಿ ನಿಲ್ಲುವುದಿಲ್ಲ, ಪಿಜಿ ಸ್ಟೈಪೆಂಡ್‌ನಲ್ಲಿ ಅದನ್ನಾದರೂ ಕಟ್ಟಿ. ಕೈಯಲ್ಲಿ ದುಡ್ಡು ಬಂದಾಗ ಒಟ್ಟಿಗೆ ಅಸಲಿಗೂ ಹಾಕಿ. ಏರಿಳಿಯುವ ಬಡ್ಡಿಯ ಸಾಲವನ್ನು ಮುಂಚಿತವಾಗಿ ತೀರಿಸಿದ್ದಕ್ಕೆ ಬ್ಯಾಂಕು ದಂಡ ಹಾಕುವಂತಿಲ್ಲ, ರಿಸರ್ವ್ ಬ್ಯಾಂಕ್ ಇದನ್ನು 2014ರಲ್ಲೇ ಹೇಳಿದೆ. ಹಾಗೆ ಹಾಕುವಾಗ ಕೌಂಟರಿನಲ್ಲಿ "ಕಂತು ಕಮ್ಮಿ ಮಾಡಬೇಡಿ, ವರ್ಷ ಕಮ್ಮಿ ಮಾಡಿ" ಅಂತ ಬರೆದುಕೊಡಿ.

ನಮಸ್ಕಾರ.