ಫಾರ್ಮಿನಲ್ಲಿ ಅಜ್ಜಿಯ ಇಂಗ್ಲಿಷು

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚೆ ನನಗೆ ಮೈಕ್ ಕೊಟ್ಟಿದ್ದಾರೆ, ಹಾಗಾಗಿ ಜಾಸ್ತಿ ಎಳೆಯಲ್ಲ.

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಗುವನ್ನು ಸ್ಕೂಲಿಗೆ ಸೇರಿಸುವಾಗ ಭಾಷೆಯ ಬಗ್ಗೆ ನಾಲ್ಕು ಪ್ರಶ್ನೆ ಕೇಳುತ್ತಾರೆ. ಮಗು ಮೊದಲು ಮಾತು ಕಲಿತದ್ದು ಯಾವ ಭಾಷೆಯಲ್ಲಿ, ಮನೆಯಲ್ಲಿ ಅದು ಹೆಚ್ಚಾಗಿ ಆಡುವುದು ಯಾವುದು, ನೀವು ಅದರ ಜೊತೆ ಯಾವುದರಲ್ಲಿ ಮಾತಾಡುತ್ತೀರಿ, ಮನೆಯ ದೊಡ್ಡವರು ಯಾವುದರಲ್ಲಿ. ಅಷ್ಟೇ. ಆದರೆ ನಮ್ಮವರ ಉಪದೇಶ ನಿಮಗೆ ಗೊತ್ತಲ್ವಾ? "ನಾಲ್ಕಕ್ಕೂ ಇಂಗ್ಲಿಷ್ ಅಂತ ಹಾಕಿಬಿಡಿ, ಇಲ್ಲಾಂದ್ರೆ ಮಗೂಗೆ ಟೆಸ್ಟ್ ಗಂಟುಬೀಳುತ್ತೆ."

ಆ ಟೆಸ್ಟ್ ಎಲ್ಪ್ಯಾಕ್, ಅಂದರೆ ಮಗುವಿಗೆ ಇಂಗ್ಲಿಷ್ ಎಷ್ಟು ಬರುತ್ತೆ ಅಂತ ನೋಡುವ ರಾಜ್ಯದ ಪರೀಕ್ಷೆ. ಸೇರಿದ 30 ದಿನದೊಳಗೆ ಮಾಡುತ್ತಾರೆ. ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು. ಇಂಗ್ಲಿಷ್ ಸರಾಗವಾಗಿ ಬಂದರೆ ಒಂದೇ ಸಲಕ್ಕೆ ಮುಗಿಯಿತು. ಬರದಿದ್ದರೆ ಸ್ಕೂಲು ಇಂಗ್ಲಿಷ್ ಕಲಿಸಲೇಬೇಕು, ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ ಮಾಡುತ್ತಾರೆ. ಆ ವರ್ಷ ವರ್ಷದ ಟೆಸ್ಟು ಕಿರಿಕಿರಿ, ಒಪ್ಪಿದೆ. ಆದರೆ ಹೋದ ತಿಂಗಳು ಮೈಸೂರಿನಿಂದ ಬಂದ ಮಗುವಿಗೂ ಇದೇ ಉಪದೇಶ ಕೊಟ್ಟರೆ ಅದಕ್ಕೆ ಬೇಕಾದ ಸಹಾಯವನ್ನು ನಾವೇ ತಪ್ಪಿಸಿದ ಹಾಗೆ.

ಇನ್ನೊಂದು ವಿಷಯ. ಒಂದು ಸ್ಕೂಲಿನಲ್ಲಿ ಶೇಕಡಾ 15 ಮಕ್ಕಳ ಮನೆಮಾತು ಒಂದೇ ಆಗಿದ್ದರೆ, ತಂದೆತಾಯಿಗೆ ಬರುವ ನೋಟಿಸು ಆ ಭಾಷೆಯಲ್ಲೂ ಇರಬೇಕು ಅಂತ ರಾಜ್ಯದ ಕಾನೂನಿದೆ. ಕನ್ನಡ ಅಲ್ಲಿಗೆ ಮುಟ್ಟುವುದು ಕಷ್ಟವೇ. ಆದರೂ ನಾವೇ ನಮ್ಮನ್ನು ಇಂಗ್ಲಿಷಿನವರ ಲೆಕ್ಕಕ್ಕೆ ಸೇರಿಸಿದರೆ ಯಾರನ್ನು ದೂರೋಣ? ತಮಾಷೆ ಏನೆಂದರೆ, ಇದೇ ಮಗು ಹೈಸ್ಕೂಲು ಮುಗಿಸುವಾಗ ಎರಡು ಭಾಷೆ ಬಲ್ಲವರಿಗೆ ಕೊಡುವ ರಾಜ್ಯದ ಮುದ್ರೆ ಬೇಕು ಅಂತ ಓಡಾಡುವವರೂ ನಾವೇ!

ಸೆನ್ಸಸ್‌ನವರ ವಾರ್ಷಿಕ ಸರ್ವೆಯಲ್ಲೂ 5 ವರ್ಷ ದಾಟಿದ ಪ್ರತಿಯೊಬ್ಬರ ಬಗ್ಗೆ ಕೇಳುತ್ತಾರೆ: ಮನೆಯಲ್ಲಿ ಬೇರೆ ಭಾಷೆ ಆಡುತ್ತಾರಾ, ಇಂಗ್ಲಿಷ್ ಎಷ್ಟು ಚೆನ್ನಾಗಿ ಬರುತ್ತೆ? 'ವೆರಿ ವೆಲ್' ಬಿಟ್ಟು ಉಳಿದ ಮೂರು ಉತ್ತರಗಳಲ್ಲಿ ಯಾವುದನ್ನು ಕೊಟ್ಟರೂ ಇಂಗ್ಲಿಷ್ ಸಾಲದವರ ಲೆಕ್ಕ. 2019ರಲ್ಲಿ ದೇಶದಲ್ಲಿ ಸುಮಾರು 6.8 ಕೋಟಿ ಜನ ಮನೆಯಲ್ಲಿ ಬೇರೆ ಭಾಷೆ ಆಡುತ್ತಿದ್ದರು. ನಮ್ಮ ಸಾಂತಾ ಕ್ಲಾರಾ ಕೌಂಟಿಯಲ್ಲಂತೂ ಅರ್ಧಕ್ಕಿಂತ ಜಾಸ್ತಿ. ಆ ಸರ್ವೆಯ ಭಾಷೆಗಳ ಪಟ್ಟಿಯಲ್ಲಿ ತಮಿಳಿಗೆ ಒಂದು ಸಾಲು, ತೆಲುಗಿಗೆ ಒಂದು ಸಾಲು. ಕನ್ನಡ ಮಾತ್ರ ಮಲಯಾಳಂ ಮತ್ತು ಇತರ ದ್ರಾವಿಡ ಭಾಷೆಗಳ ಜೊತೆ ಒಂದೇ ಸಾಲಿನಲ್ಲಿ.

ಈ ಫಾರ್ಮ್ ತುಂಬುವುದು ಮಗ ಅಥವಾ ಸೊಸೆ. ಅಮ್ಮನ ಕಾಲಂ ಬಂದಾಗ ಮರ್ಯಾದೆಗೆ 'ವೆರಿ ವೆಲ್' ಅಂತ ಒತ್ತುತ್ತಾರೆ. ಅಮ್ಮ ಅಂಗಡಿಯಲ್ಲಿ 'ಥ್ಯಾಂಕ್ಯೂ' ಅನ್ನುತ್ತಾರೆ, ನಿಜ. ಅದೇ ಡಾಕ್ಟರು ಎದೆನೋವು ಚುಚ್ಚುತ್ತಾ, ಹಿಂಡುತ್ತಾ, ಉರಿಯುತ್ತಾ ಅಂತ ಕೇಳಿದರೆ ಮೊಮ್ಮಗಳ ಮುಖ ನೋಡುತ್ತಾರೆ. ಹತ್ತು ವರ್ಷದ ಹುಡುಗಿ ಪಾಪ ಏನು ಹೇಳೀತು? ಫೆಡರಲ್ ದುಡ್ಡು ಪಡೆಯುವ ಆಸ್ಪತ್ರೆ ಪುಕ್ಕಟೆಯಾಗಿ ಇಂಟರ್‌ಪ್ರಿಟರ್ ಕೊಡಬೇಕು, ತುರ್ತು ಇಲ್ಲದಿದ್ದರೆ ಮಕ್ಕಳ ಬಾಯಲ್ಲಿ ಹೇಳಿಸುವ ಹಾಗಿಲ್ಲ. ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ಕನ್ನಡದವರು ಬೇಕು ಅಂತ ಹೇಳಿ. ಹಿಂದಿಯವರನ್ನು ಕೊಡುತ್ತೇವೆ ಅಂದರೆ, ಅಮ್ಮನಿಗೆ ಹಿಂದಿ ಬರದಿದ್ದರೆ ಸುಮ್ನೆ ತಲೆಯಾಡಿಸಬೇಡಿ, ಫೋನಿನಲ್ಲಾದರೂ ಕನ್ನಡದವರೇ ಬೇಕು ಅಂತ ಕೇಳಿ.