ಜೆಟ್ ತಿರುಗುತ್ತಿಲ್ಲ, ಯಾರನ್ನು ಕರೆಯಲಿ?

ಕೇಳುಗರೇ, ನಮಸ್ಕಾರ.

ಫೆಬ್ರವರಿ ಕೊನೆ. ಮೂಡಿಗೆರೆ ಕಡೆಯ ಒಂದು ರೊಬಸ್ಟಾ ಕಾಫಿ ತೋಟ. ಮೊಗ್ಗು ಬಲಿತು ನಿಂತಿದೆ, ಅದನ್ನು ಅರಳಿಸುವ ಹೂಮಳೆಯ ಸುಳಿವಿಲ್ಲ. ಸ್ಪ್ರಿಂಕ್ಲರ್ ಹಾಕಿಯೇ ಬಿಡೋಣ ಎಂದು ಬೆಳೆಗಾರರು ಮೋಟಾರ್ ಆನ್ ಮಾಡುತ್ತಾರೆ. ನೀರೇನೋ ಬಂತು, ಸುತ್ತುತ್ತಾ ನೀರು ಚಿಮ್ಮಿಸಬೇಕಾದ ಸ್ಪ್ರಿಂಕ್ಲರ್ ತಲೆ, ಅಂದರೆ ಜೆಟ್ ಮಾತ್ರ ತಿರುಗುತ್ತಿಲ್ಲ. ಒಂದೇ ಕಡೆ ಚಿಮ್ಮುತ್ತಾ ನಿಂತಿದೆ. ಈಗ ನೀರು ತಪ್ಪಿದರೆ ಮುಂದಿನ ಫಸಲಿಗೇ ಪೆಟ್ಟು. ಅವರು ಜೇಬಿನಿಂದ ಫೋನ್ ತೆಗೆದು ಗೂಗಲ್‌ನ ಕೇಳುತ್ತಾರೆ: 'ಜೆಟ್ ರಿಪೇರಿ ಹತ್ತಿರ ಎಲ್ಲಿದೆ?'

ಆ ಕಡೆಯೇ ನನ್ನ ಗೆಳೆಯನದೊಂದು ಸ್ಪ್ರಿಂಕ್ಲರ್, ಡ್ರಿಪ್ ಪೈಪ್ ಅಂಗಡಿ ಇದೆ. ಹಳೇ ಅಂಗಡಿ, ಒಳ್ಳೇ ಕೆಲಸಗಾರ. ಆದರೆ ಗೂಗಲ್ ಕೊಡುವ ಉತ್ತರದಲ್ಲಿ ಅವನ ಹೆಸರೇ ಇರುತ್ತಿರಲಿಲ್ಲ. ಯಾಕೆ ಅಂತ ಅವನ ವೆಬ್‌ಸೈಟ್ ತೆಗೆದು ನೋಡಿದೆ. ಮೊದಲ ಸಾಲೇ ಹೀಗಿತ್ತು: 'ಸಮಗ್ರ ಸೂಕ್ಷ್ಮ ನೀರಾವರಿ ಪರಿಹಾರಗಳು.' ಇಡೀ ಸೈಟಿನಲ್ಲಿ ಜೆಟ್ ಅನ್ನುವ ಮಾತು ಒಂದು ಕಡೆಯೂ ಇಲ್ಲ. 'ಅಲ್ಲ ಮಾರಾಯ, ಅಂಗಡಿಗೆ ಬಂದು ಯಾರಾದ್ರೂ ಅರ್ಧ ಕೆಜಿ ಸಮಗ್ರ ಪರಿಹಾರ ಕೊಡಿ ಅಂತ ಕೇಳಿದ್ದಾರಾ?' ಎಂದೆ. ಅವನಿಗೂ ನಗು ಬಂತು.

ಹುಡುಕುವವರ ಕಣ್ಣಿಗೆ ನಮ್ಮ ಅಂಗಡಿ ಬೀಳುವ ಹಾಗೆ ಮಾಡುವುದಕ್ಕೆ ಎಸ್‌ಇಒ ಅನ್ನುತ್ತಾರೆ. ಸರ್ಚ್ ಎಂಜಿನ್ ಆಪ್ಟಿಮೈಸೇಶನ್. ಹೆಸರು ದೊಡ್ಡದು, ಅದರ ಹೆಸರಲ್ಲಿ ದುಡ್ಡು ಕೀಳುವವರೂ ಜಾಸ್ತಿ. ನನ್ನ ಗೆಳೆಯನಿಗೂ ಒಬ್ಬರು 'ಮೂರು ತಿಂಗಳಲ್ಲಿ ನಂಬರ್ ಒನ್' ಎಂದು ಹೇಳಿ ಹಣ ಪಡೆದಿದ್ದರು. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್ಲೇ ಹೇಳುತ್ತದೆ. ಅವರು ಮಾಡಿದ್ದಾದರೂ ಏನು? ಜನ ಹುಡುಕಬಹುದಾದ ಪದಗಳನ್ನು ಪಟ್ಟಿ ಮಾಡುವ, ಪುಟದ ಹಿಂದೆ ಅಡಗಿರುವ ಕೀವರ್ಡ್ ಟ್ಯಾಗ್‌ನಲ್ಲಿ ಇನ್ನೂರು ಪದ ತುರುಕಿದ್ದರು. ಗೂಗಲ್ ಆ ಟ್ಯಾಗನ್ನು ನೋಡುವುದೇ ಇಲ್ಲ. 2009ರಲ್ಲೇ ಅದನ್ನು ಬಹಿರಂಗವಾಗಿ ಹೇಳಿಯಾಗಿದೆ.

ನಾವು ಬೇರೆ ಕೆಲಸ ಮಾಡಿದೆವು. ಗಲ್ಲಾಪೆಟ್ಟಿಗೆ ಪಕ್ಕ ಒಂದು ನೋಟ್‌ಬುಕ್ ಇಟ್ಟೆವು. ಬಂದ ಗಿರಾಕಿ ಏನು ಕೇಳಿದರೋ ಅವರ ಮಾತಿನಲ್ಲೇ ಬರೆಯಬೇಕು, ತಿದ್ದಬಾರದು. 'ಜೆಟ್ ತಿರುಗ್ತಿಲ್ಲ.' 'ಡ್ರಿಪ್ಪರ್ ಕಟ್ಟಿಕೊಂಡಿದೆ.' 'ಇಲಿ ಪೈಪ್ ಕಡಿದು ಹಾಕಿದೆ.' 'ಅಡಿಕೆಗೆ ಡ್ರಿಪ್ ಒಳ್ಳೇದಾ, ಸ್ಪ್ರಿಂಕ್ಲರ್ರಾ?' 'ಸಬ್ಸಿಡಿಗೆ ಯಾವ ಕಾಗದ ಬೇಕು?' ಒಂದು ತಿಂಗಳಿಗೆ ನೋಟ್‌ಬುಕ್ ಅರ್ಧ ತುಂಬಿತು. ಒಂದೊಂದು ಪ್ರಶ್ನೆಯೂ ಸೈಟಿನಲ್ಲಿ ಒಂದು ಪುಟವಾಯಿತು. ತಲೆಬರಹ ಗಿರಾಕಿಯದು, ಉತ್ತರ ಅಂಗಡಿಯವನದು. ಪ್ರೆಶರ್ ಕಡಿಮೆಯಾದರೆ ಜೆಟ್ ನಿಲ್ಲುತ್ತದೆ. ಬುಡದಲ್ಲಿ ಮರಳು ಸಿಕ್ಕಿಕೊಂಡರೂ ನಿಲ್ಲುತ್ತದೆ. ಸ್ಪ್ರಿಂಗ್ ಸೋತರೂ ಅಷ್ಟೇ. ಹೀಗೆ ಬಿಡಿಸಿ ಬರೆದೆವು.

ಅವನಿಗೆ ಅನುಮಾನ. 'ಗುಟ್ಟೆಲ್ಲ ಹೇಳಿಬಿಟ್ರೆ ಅಂಗಡಿಗೆ ಯಾರು ಬರ್ತಾರೆ?' ಸ್ಪ್ರಿಂಗ್ ಸೋತಿದೆ ಅಂತ ಗೊತ್ತಾದವರು ಸ್ಪ್ರಿಂಗ್ ಎಲ್ಲಿಂದ ತರುತ್ತಾರೆ, ಹೇಳಿ?

ಇನ್ನು ಗೂಗಲ್ ಮ್ಯಾಪಿನಲ್ಲಿ ಕಾಣುವ ಅಂಗಡಿಯ ವಿವರ. ನನ್ನ ಮಟ್ಟಿಗೆ ಊರಿನ ಅಂಗಡಿಗೆ ವೆಬ್‌ಸೈಟಿಗಿಂತ ಇದೇ ಮುಖ್ಯ. ಗೂಗಲ್ ಬಿಸಿನೆಸ್ ಪ್ರೊಫೈಲ್ ಅಂತ ಇದರ ಹೆಸರು, 2021ರವರೆಗೆ ಗೂಗಲ್ ಮೈ ಬಿಸಿನೆಸ್ ಅನ್ನುತ್ತಿದ್ದರು. ಖರ್ಚಿಲ್ಲ. ಯಾರ ಅಂಗಡಿಯನ್ನು ಮೇಲೆ ತೋರಿಸಬೇಕು ಎನ್ನುವುದಕ್ಕೆ ಗೂಗಲ್ ಮೂರು ವಿಷಯ ನೋಡುತ್ತದೆ. ಕೇಳಿದ್ದಕ್ಕೂ ನಿಮ್ಮ ಕೆಲಸಕ್ಕೂ ತಾಳೆ ಆಗುತ್ತದಾ, ಎಷ್ಟು ದೂರ ಇದ್ದೀರಿ, ಜನರಿಗೆ ನೀವೆಷ್ಟು ಗೊತ್ತು. ದೂರವನ್ನು ನಾವು ಬದಲಿಸಲಾಗದು. ಆದರೆ ನನ್ನ ಗೆಳೆಯನ ಅಂಗಡಿಯ ಗುರುತು ಮ್ಯಾಪಿನಲ್ಲಿ ಯಾರದೋ ಏಲಕ್ಕಿ ತೋಟದ ನಡುವೆ ಇತ್ತು! ಅದನ್ನು ಎಳೆದು ಅಂಗಡಿ ಬಾಗಿಲಿಗೆ ತಂದೆವು. ಬಣಕಲ್, ಗೋಣಿಬೀಡು, ಕೊಟ್ಟಿಗೆಹಾರಕ್ಕೂ ಬಂದು ಕೆಲಸ ಮಾಡಿಕೊಡುತ್ತೇವೆ ಎಂದು ಸೇರಿಸಿದೆವು. ಅಂಗಡಿ ಹೆಸರಿಗೇ 'ಬೆಸ್ಟ್ ಸ್ಪ್ರಿಂಕ್ಲರ್ ರಿಪೇರಿ' ಅಂತ ಬಾಲ ಕಟ್ಟಲು ಅವನಿಗೆ ಆಸೆ. ಅದು ನಿಯಮಕ್ಕೆ ವಿರುದ್ಧ, ಪ್ರೊಫೈಲೇ ಬಂದ್ ಆಗಬಹುದು. ದುಡ್ಡು ಕೊಟ್ಟು ಬರೆಸುವ ರಿವ್ಯೂ ಕೂಡ ಹಾಗೇ. ಕೆಲಸ ಮುಗಿದ ಮೇಲೆ 'ಎರಡು ಸಾಲು ಬರೀರಿ ಅಣ್ಣಾ' ಎಂದು ಕೇಳುವುದಕ್ಕೆ ಅಡ್ಡಿಯಿಲ್ಲ.

ಕನ್ನಡದಲ್ಲೇ ಬರೆಯಬೇಕಾ ಎಂದು ಕೇಳುವವರಿದ್ದಾರೆ. ಗೂಗಲ್ 2017ರಲ್ಲೇ ಕನ್ನಡದ ಮಾತನ್ನು ಕೇಳಿಸಿಕೊಳ್ಳಲು ಕಲಿತಿದೆ. ಕೈಯೆಲ್ಲ ಕೆಸರಾಗಿರುವವರು ಟೈಪ್ ಮಾಡುವುದಿಲ್ಲ, ಫೋನಿಗೆ ಮಾತಾಡುತ್ತಾರೆ. ಬೆಂಗಳೂರಿನ ಲಾನ್‌ಗಳಿಗೆ ಸ್ಪ್ರಿಂಕ್ಲರ್ ಹಾಕುವವರಾದರೆ ಇಂಗ್ಲಿಷೂ ಬೇಕು. ಅಲ್ಲಿನ ಪ್ರಶ್ನೆಗಳೂ ಬೇರೆ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕಬಾರದು, ಹಾಕಿದರೆ 5,000 ರೂಪಾಯಿ ದಂಡ ಎಂದಿತು. ಸಂಸ್ಕರಿಸಿದ ನೀರು ಬಿಟ್ಟರೆ ನಾಜಲ್ ಕಟ್ಟಿಕೊಳ್ಳುತ್ತದಾ, ಯಾವ ಫಿಲ್ಟರ್ ಹಾಕಬೇಕು? ಅಪಾರ್ಟ್‌ಮೆಂಟಿನವರಿಗೆ ಆಗ ಬೇಕಿದ್ದದ್ದು ಇದಕ್ಕೆ ಉತ್ತರ. ಅಂಥ ಹೊತ್ತಿನಲ್ಲೂ 'ಹಸಿರು ಹುಲ್ಲು, ನೆಮ್ಮದಿಯ ಬದುಕು' ಅಂತ ಸುಮ್ನೆ ಬರೆದುಕೊಂಡು ಕೂತರೆ ಯಾರು ಫೋನ್ ಮಾಡುತ್ತಾರೆ?

ಇನ್ನೊಂದು ಮಾತು, ಹೊತ್ತಿನದು. ಪುಟ ಬರೆದ ದಿನವೇ ಅದು ಮೇಲೆ ಬರುವುದಿಲ್ಲ. ಕಾಫಿ ಹೂವಿನ ನೀರಿಗೆ ಫೆಬ್ರವರಿಯಲ್ಲಿ ಹುಡುಕುವವರಿಗೆ ನವೆಂಬರ್‌ನಲ್ಲೇ ಬರೆದಿಡಬೇಕು.

ನೋಟ್‌ಬುಕ್ ಈಗಲೂ ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಇದೆ. ಹೋದ ವಾರ ಅದರಲ್ಲಿ ಹೊಸ ಸಾಲೊಂದು ಕಂಡಿತು: 'ಮಗ ಬೆಂಗಳೂರಲ್ಲಿದ್ದಾನೆ, ಅಲ್ಲಿಂದಲೇ ಮೋಟಾರ್ ಆಫ್ ಮಾಡೋಕಾಗುತ್ತಾ?' ಅದಕ್ಕಿನ್ನೂ ಪುಟ ಬರೆದಿಲ್ಲ. ನಮಸ್ಕಾರ.